ಮುತ್ತಿನ ದರ್ಜೆ, ತೂಕ, ಬೆಲೆ: ಮುಂಬಯಿಯಲ್ಲಿ ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಜವೇರಿ ಬಜಾರಿನ ಒಂದೇ ಅಂಗಡಿಯ ಒಂದೇ ಟ್ರೇಯಲ್ಲಿ ಪಕ್ಕಪಕ್ಕ ಇಟ್ಟ ಎರಡು ಬಿಳಿ ಮುತ್ತಿನ ಸರಗಳ ಬೆಲೆಯಲ್ಲಿ ಹತ್ತಿಪ್ಪತ್ತು ಪಟ್ಟು ವ್ಯತ್ಯಾಸ ಇರಬಹುದು. ಮೂರಡಿ ದೂರದಿಂದ ನೋಡಿದವರಿಗೆ ಎರಡೂ ಒಂದೇ. ಎರಡಕ್ಕೂ ‘ತ್ರಿಬಲ್ ಎ’ ಎಂಬ ಚೀಟಿಯೂ ಅಂಟಿರಬಹುದು, ಮತ್ತು ಅಂಗಡಿಯವರು ಸುಳ್ಳು ಹೇಳುತ್ತಿದ್ದಾರೆ ಎಂದೂ ಅಲ್ಲ. ಎ, ಡಬಲ್ ಎ, ತ್ರಿಬಲ್ ಎ ಎಂಬ ಈ ದರ್ಜೆಗಳನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಕಟ್ಟಿಕೊಡುವ ಸಂಸ್ಥೆಯೇ ಇಲ್ಲ. ಒಬ್ಬೊಬ್ಬ ವ್ಯಾಪಾರಿ ತನ್ನ ಸರಕಿನೊಳಗೆ ತಾನೇ ಹಾಕಿಕೊಂಡ ದರ್ಜೆ ಅದು. ಒಂದು ಅಂಗಡಿಯ ತ್ರಿಬಲ್ ಎ ಇನ್ನೊಂದು ಅಂಗಡಿಯ ಸಾದಾ ಎ ಆಗಿರುವುದು ಸಾಮಾನ್ಯ.

ಹಾಗಾಗಿ ಚೀಟಿ ಬಿಟ್ಟು ಮುತ್ತನ್ನೇ ನೋಡಬೇಕು, ಅದೂ ಒಂದು ಕ್ರಮದಲ್ಲಿ: ಮೊದಲು ಜಾತಿ, ಆಮೇಲೆ ಗುಣ, ಆಮೇಲೆ ತೂಕ, ಎಲ್ಲಕ್ಕಿಂತ ಕೊನೆಗೆ ಬೆಲೆ. ಮದುವೆಗೆಂದು ಮಾಟುಂಗಾದಿಂದಲೋ ಡೊಂಬಿವಲಿಯಿಂದಲೋ ಹೊರಟು ಬರುವ ಹೆಚ್ಚಿನ ಮನೆಯವರು ಇದನ್ನು ತಿರುವುಮುರುವು ಮಾಡುತ್ತಾರೆ. ಮೊದಲು ಬೆಲೆ ಕೇಳುತ್ತಾರೆ, ಆಮೇಲೆ ಗಾತ್ರ ನೋಡುತ್ತಾರೆ, ಜಾತಿ ಕೇಳುವುದನ್ನೇ ಮರೆಯುತ್ತಾರೆ. ಹಣ ಹೆಚ್ಚು ಹೋಗುವುದು ಅಲ್ಲಿಯೇ.

ಹೊರಡುವ ಮೊದಲು

ಚೀಲದಲ್ಲಿ ನಾಲ್ಕು ಸಾಮಾನು ಇರಲಿ: ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಡಿಜಿಟಲ್ ವರ್ನಿಯರ್ ಕ್ಯಾಲಿಪರ್, ತಿಳಿ ಬೂದು ಅಥವಾ ಮಾಸಲು ಬಿಳಿ ಬಣ್ಣದ ಹತ್ತಿಯ ಕರವಸ್ತ್ರ, ಟಾರ್ಚ್ ಇರುವ ಮೊಬೈಲು. ಅಂಗಡಿಯವರು ಕಪ್ಪು ಮಖಮಲ್ಲಿನ ಮೇಲೆ ಮುತ್ತು ಹರಡುತ್ತಾರೆ. ಕಪ್ಪಿನ ಮೇಲೆ ಮಂಕು ಮುತ್ತೂ ಬೆಳಗುತ್ತದೆ. ಮೇಲಿಂದ ಬೀಳುವ ಹಳದಿ ಸ್ಪಾಟ್‌ಲೈಟು ಕೆನೆಬಣ್ಣದ ದೋಷವನ್ನು ನುಂಗಿಹಾಕುತ್ತದೆ. ಸರವನ್ನು ನಿಮ್ಮ ಬಟ್ಟೆಯ ಮೇಲೆ ಹಾಕಿ ಬಾಗಿಲ ಬಳಿ ಒಯ್ದು ನೋಡಲು ಕೇಳಿ. ಒಳ್ಳೆಯ ಸರಕಿರುವವರು ಬೇಡ ಎನ್ನುವುದಿಲ್ಲ. ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರ ಒಳಗಿನ ಬೆಳಕು ಒಳ್ಳೆಯದು. ನೇರ ಬಿಸಿಲಿಗಿಂತ ಮಳೆಗಾಲದ ಮೋಡದ ಬೆಳಕು ಬಣ್ಣ ನೋಡುವುದಕ್ಕೆ ಇನ್ನೂ ಮೇಲು. ಕೆಂಪು, ಹಸಿರಿನಂಥ ಗಾಢ ಬಣ್ಣದ ಉಡುಪು ಆ ದಿನ ಬೇಡ, ಅದರ ಛಾಯೆ ಮುತ್ತಿನ ಮೇಲೆ ಬೀಳುತ್ತದೆ.

ಹಂತ 1: ಯಾವ ಜಾತಿಯ ಮುತ್ತು?

ಮೊದಲ ಪ್ರಶ್ನೆ ಒಂದೇ: “ಯೇ ನ್ಯಾಚುರಲ್ ಹೈ ಯಾ ಕಲ್ಚರ್? ಬಿಲ್ ಪೇ ಲಿಖ್ ಕೆ ದೇಂಗೆ?” (ಇದು ನೈಸರ್ಗಿಕವೋ ಕಲ್ಚರೋ? ಬಿಲ್ಲಿನ ಮೇಲೆ ಬರೆದುಕೊಡುತ್ತೀರಾ?) ಪ್ರಶ್ನೆಯ ಎರಡನೆಯ ಭಾಗವನ್ನು ಬಿಡಬೇಡಿ. ಬಾಯಿಮಾತಿನಲ್ಲಿ ‘ಸುಚ್ಚಾ ಮೋತಿ’, ‘ಅಸಲಿ ಮೋತಿ’ ಎಂದರೆ ಏನೂ ಹೇಳಿದಂತಾಗಲಿಲ್ಲ. ಕಲ್ಚರ್ ಮುತ್ತೂ ಅಸಲಿ ಮುತ್ತೇ, ಸಿಂಪಿಯೊಳಗೇ ಬೆಳೆದದ್ದು. ಅದನ್ನು ಹುಟ್ಟುಹಾಕಿದ್ದು ಮಾತ್ರ ಮನುಷ್ಯನ ಕೈ. ಜಪಾನಿನ ಕೊಕಿಚಿ ಮಿಕಿಮೊಟೊ 1893ರಲ್ಲಿ ಅರೆಗೋಲದ ಮುತ್ತು ಬೆಳೆಸಿದ ಮೇಲೆ, ಮುಂದಿನ ದಶಕಗಳಲ್ಲಿ ಪೂರ್ಣ ಗೋಲದ ಮುತ್ತೂ ಮಾರುಕಟ್ಟೆಗೆ ಬಂತು. ಇಂದು ಅಂಗಡಿಗಳಲ್ಲಿ ಕಾಣುವ ಮುತ್ತು ಬಹುಪಾಲು ಕಲ್ಚರ್ ಮುತ್ತೇ.

ನೈಸರ್ಗಿಕ ಮುತ್ತೆಂದರೆ ಮುಂಬಯಿಯಲ್ಲಿ ‘ಬಸ್ರಾ ಮೋತಿ’. ಪರ್ಷಿಯನ್ ಕೊಲ್ಲಿಯ ಸಿಂಪಿಯಿಂದ ಮುಳುಗುಗಾರರು ತೆಗೆದದ್ದು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ಕುವೈತ್, ಬಹ್ರೈನ್ ಕಡೆಯ ವ್ಯಾಪಾರಿಗಳು ಕೊಲ್ಲಿಯ ಮುತ್ತನ್ನು ಮುಂಬಯಿಗೆ ತಂದೇ ಮಾರುತ್ತಿದ್ದರು. ಇಲ್ಲಿ ವಿಂಗಡಿಸಿ, ತೂತು ಹಾಕಿಸಿ ಪ್ಯಾರಿಸ್‌ವರೆಗೂ ಕಳುಹಿಸುತ್ತಿದ್ದರು. ಕಲ್ಚರ್ ಮುತ್ತು ಬಂದು, ಜೊತೆಗೆ 1930ರ ಸುಮಾರಿನ ಆರ್ಥಿಕ ಕುಸಿತವೂ ಬಂದು ಆ ವ್ಯಾಪಾರ ನೆಲಕಚ್ಚಿತು. ಬೆಲೆ ಎಷ್ಟು ಏರಿಳಿಯಬಲ್ಲದು ಎಂಬುದಕ್ಕೆ ಎರಡು ಸರಗಳ ಕಥೆ ಸಾಕು. 1917ರಲ್ಲಿ ಕಾರ್ಟಿಯೆ ಎಂಬ ಒಡವೆ ಕಂಪನಿ ಎರಡೆಳೆಯ ನೈಸರ್ಗಿಕ ಮುತ್ತಿನ ಸರ ಕೊಟ್ಟು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂದಲ್ಲಿ ಕಟ್ಟಡವನ್ನೇ ಪಡೆಯಿತು; ಆಗ ಅದಕ್ಕೆ ಹತ್ತು ಲಕ್ಷ ಡಾಲರ್ ಬೆಲೆ ಕಟ್ಟಲಾಗಿತ್ತು. ಅದೇ ಸರ 1957ರಲ್ಲಿ ಹರಾಜಾದಾಗ ಬಂದದ್ದು ಸುಮಾರು ಒಂದೂವರೆ ಲಕ್ಷ ಡಾಲರ್. ಆಮೇಲೆ 2007ರಲ್ಲಿ ಬರೋಡಾ ರಾಜಮನೆತನದ ಮುತ್ತುಗಳಿಂದ ಕಟ್ಟಿದ ಎರಡೆಳೆಯ ಸರ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮೇಲೆ ಹೋಯಿತು. ಒಳ್ಳೆಯ ಬಸ್ರಾ ಇಂದು ಬಲು ಅಪರೂಪ, ಬಲು ದುಬಾರಿ. ಲ್ಯಾಬ್ ರಿಪೋರ್ಟ್ ಇಲ್ಲದೆ, ಕಲ್ಚರ್ ಮುತ್ತಿನ ಬೆಲೆಗೆ ‘ಬಸ್ರಾ’ ಎಂದು ಕೊಡಲು ಬಂದರೆ ಅದು ಬಸ್ರಾ ಅಲ್ಲ ಎಂದೇ ತಿಳಿಯಿರಿ.

ಕಲ್ಚರ್ ಮುತ್ತಿನಲ್ಲಿ ನಾಲ್ಕು ಜಾತಿ ಗೊತ್ತಿದ್ದರೆ ಸಾಕು. ಸಿಹಿನೀರಿನ ಮುತ್ತು ಹೆಚ್ಚಾಗಿ ಚೀನಾದ್ದು. ಒಂದು ಕಪ್ಪೆಚಿಪ್ಪಿನಿಂದ ಹತ್ತಾರು ಮುತ್ತು ಬರುವುದರಿಂದ ಅಗ್ಗ. ಬಹುಪಾಲು ಚಿಪ್ಪಿನೊಳಗೆ ಗಟ್ಟಿಮಣಿ ಹಾಕದೆ ಬೆಳೆಸಿದ್ದು, ಹಾಗಾಗಿ ಒಳಗೂ ಹೊರಗೂ ಮುತ್ತಿನ ಪದರವೇ. ಅಕೋಯಾ ಜಪಾನಿನ ಕಡಲ ಮುತ್ತು, ಸಾಮಾನ್ಯವಾಗಿ 3ರಿಂದ 9 ಮಿ.ಮೀ.; ಚಿಪ್ಪಿನಿಂದ ಕಡೆದ ದುಂಡುಮಣಿಯ ಮೇಲೆ ತೆಳುವಾದ ಪದರ, ಕನ್ನಡಿಯಂಥ ಹೊಳಪು. ತಾಹಿತಿ ಫ್ರೆಂಚ್ ಪಾಲಿನೇಶಿಯಾದ ಕಪ್ಪು ಮುತ್ತು, ಹೆಚ್ಚಾಗಿ 8ರಿಂದ 14 ಮಿ.ಮೀ. ಸೌತ್ ಸೀ ಆಸ್ಟ್ರೇಲಿಯಾ, ಇಂಡೋನೇಷ್ಯಾ, ಫಿಲಿಪ್ಪೀನ್ಸ್, ಮ್ಯಾನ್ಮಾರ್‌ನ ದೊಡ್ಡ ಸಿಂಪಿಯದು. ಬಿಳಿ, ಬೆಳ್ಳಿ, ಹೊನ್ನಿನ ಬಣ್ಣ. ಒಂದು ಸಿಂಪಿಯಿಂದ ಒಂದು ಸಲಕ್ಕೆ ಒಂದೇ ಮುತ್ತು, ಅದೂ ಎರಡು ವರ್ಷದಷ್ಟು ಕಾಯಬೇಕು. ಅದರ ಬೆಲೆಗೆ ಕಾರಣ ಅದೇ.

ಎರಡು ಹೆಸರುಗಳ ಬಗ್ಗೆ ಎಚ್ಚರ. ‘ಹೈದರಾಬಾದ್ ಮುತ್ತು’ ಎಂಬ ಜಾತಿ ಇಲ್ಲ. ಹೈದರಾಬಾದು ತೂತು ಹಾಕಿ, ಪೋಣಿಸಿ, ಮಾರುವ ಊರು. ಇನ್ನೊಂದು ‘ಎಡಿಸನ್’: ಚೀನಾದಲ್ಲಿ ದುಂಡುಮಣಿ ಹಾಕಿ ದೊಡ್ಡದಾಗಿ ಬೆಳೆಸಿದ ಸಿಹಿನೀರಿನ ಮುತ್ತು. ಒಳ್ಳೆಯ ಸರಕೇ. ಆದರೆ ಗಾತ್ರ ನೋಡಿ ಅದನ್ನು ಸೌತ್ ಸೀ ಬೆಲೆಗೆ ಕೊಂಡರೆ ನಷ್ಟ.

ದರ್ಜೆ ಎಂಬುದು ಜಾತಿಯೊಳಗಿನ ಹೋಲಿಕೆ. ಅತ್ಯುತ್ತಮ ಸಿಹಿನೀರಿನ ಮುತ್ತನ್ನು ಸಾಧಾರಣ ಸೌತ್ ಸೀ ಜೊತೆ ಇಟ್ಟು ‘ಇದು ತ್ರಿಬಲ್ ಎ, ಅದು ಡಬಲ್ ಎ’ ಎನ್ನುವುದಕ್ಕೆ ಅರ್ಥವಿಲ್ಲ.

ಹಂತ 2: ಮುತ್ತೋ, ಮಣಿಯೋ?

ಗಾಜು, ಪ್ಲಾಸ್ಟಿಕ್, ಚಿಪ್ಪಿನ ಪುಡಿಯಿಂದ ಮಾಡಿದ ಮಣಿಗಳಿಗೆ ಹೊಳಪಿನ ಲೇಪ ಕೊಟ್ಟ ನಕಲಿಗಳನ್ನು ಎರಡು ನಿಮಿಷದಲ್ಲಿ ಹಿಡಿಯಬಹುದು. ಎರಡು ಮುತ್ತುಗಳನ್ನು ಒಂದಕ್ಕೊಂದು ಮೆಲ್ಲಗೆ ಉಜ್ಜಿ: ನಿಜವಾದ ಮುತ್ತಾದರೆ ಸಣ್ಣ ಮರಳಿನ ಹಾಗೆ ತರಿತರಿ, ನಕಲಿಯಾದರೆ ಜಾರುತ್ತದೆ. ಹಲ್ಲಿನ ಅಂಚಿಗೆ ಉಜ್ಜುವ ಹಳೆಯ ಪರೀಕ್ಷೆಯೂ ಇದೇ. ಆದರೆ ಇದು ಮುತ್ತೋ ಮಣಿಯೋ ಎಂದಷ್ಟೇ ಹೇಳುತ್ತದೆ. ನೈಸರ್ಗಿಕವೋ ಕಲ್ಚರೋ ಎಂದು ಹೇಳುವುದಿಲ್ಲ. ಹಲ್ಲಿಗೆ ಉಜ್ಜಿ ‘ನೋಡಿ, ಬಸ್ರಾ’ ಎನ್ನುವವರನ್ನು ನಂಬಬೇಡಿ. ಬೆಂಕಿ ಹಚ್ಚಿ ತೋರಿಸುವುದು ಪರೀಕ್ಷೆಯೇ ಅಲ್ಲ, ಮುತ್ತು ಹಾಳು.

ಆಮೇಲೆ ಲೂಪಿನಲ್ಲಿ ತೂತಿನ ಬಾಯಿ ನೋಡಿ. ನಕಲಿಯಲ್ಲಿ ಲೇಪ ತೂತಿನ ಸುತ್ತ ಸಿಪ್ಪೆ ಎದ್ದಿರುತ್ತದೆ, ಒಳಗಿನ ಗಾಜು ಅಥವಾ ಪ್ಲಾಸ್ಟಿಕ್ ಇಣುಕುತ್ತದೆ. ಮಣಿ ಹಾಕಿ ಬೆಳೆಸಿದ ಕಲ್ಚರ್ ಮುತ್ತಿನಲ್ಲಿ ಮೇಲಿನ ಪದರಕ್ಕೂ ಒಳಗಿನ ಮಣಿಗೂ ನಡುವೆ ಕಂದು ಗೆರೆಯೊಂದು ಕಾಣಬಹುದು.

ತೂಕವೂ ಸುಳಿವು ಕೊಡುತ್ತದೆ. 16 ಇಂಚಿನ, 7 ಮಿ.ಮೀ. ದುಂಡುಮುತ್ತಿನ ಸರದಲ್ಲಿ 50ರಿಂದ 55 ಮುತ್ತು ಹಿಡಿಯುತ್ತವೆ. ಕೊಂಡಿ ಬಿಟ್ಟು 24ರಿಂದ 27 ಗ್ರಾಂ ತೂಗಬೇಕು. 10–12 ಗ್ರಾಂ ತೂಗಿದರೆ ಅದು ಪ್ಲಾಸ್ಟಿಕ್. ಗಾಜಿನ ಮಣಿ ಮಾತ್ರ ಮುತ್ತಿಗೆ ಹತ್ತಿರದ ತೂಕವೇ ತೂಗುವುದರಿಂದ ತಕ್ಕಡಿಯೊಂದನ್ನೇ ನಂಬುವಂತಿಲ್ಲ.

ಹಂತ 3: ಹೊಳಪು

ಎಲ್ಲಕ್ಕಿಂತ ಹೆಚ್ಚು ಹೊತ್ತು ಇಲ್ಲೇ ನಿಲ್ಲಿ. ಗಾತ್ರ, ಆಕಾರ, ಕಲೆ ಎಲ್ಲದರಲ್ಲೂ ರಾಜಿ ಮಾಡಿಕೊಳ್ಳಬಹುದು. ಹೊಳಪಿಲ್ಲದ ಮುತ್ತು ಎಷ್ಟು ದೊಡ್ಡದಿದ್ದರೂ ಕೊರಳಲ್ಲಿ ಸತ್ತಂತೆ ಕಾಣುತ್ತದೆ.

ನೋಡುವ ಬಗೆ ಹೀಗೆ. ಮುತ್ತನ್ನು ಬಟ್ಟೆಯ ಮೇಲಿಟ್ಟು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ದೀಪದ ಪ್ರತಿಬಿಂಬ ಮುತ್ತಿನ ಮೇಲೆ ಬಿಳಿ ಗೆರೆಯಾಗಿ ಬೀಳುತ್ತದೆ. ಆ ಗೆರೆಯ ಅಂಚನ್ನು ನೋಡಿ. ಬ್ಲೇಡಿನಲ್ಲಿ ಕೊಯ್ದಷ್ಟು ಸ್ಪಷ್ಟವಾಗಿದ್ದು, ನಿಮ್ಮ ಬೆರಳಿನ ನೆರಳು ಅಡ್ಡ ಬಂದಾಗ ಬೆರಳುಗಳು ಬೇರೆಬೇರೆಯಾಗಿ ಕಂಡರೆ ಅತ್ಯುತ್ತಮ. ಗೆರೆ ಪ್ರಕಾಶವಾಗಿದ್ದು ಅಂಚು ಸ್ವಲ್ಪ ಕರಗಿದ್ದರೆ ಒಳ್ಳೆಯದು. ಗೆರೆ ಹರಡಿ ಬರೀ ಬಿಳಿ ಮಚ್ಚೆಯಾದರೆ ಸಾಧಾರಣ. ಸೀಮೆಸುಣ್ಣದ ಹಾಗೆ ದೀಪವೇ ಕಾಣದಿದ್ದರೆ ಕಳಪೆ. ಅಮೆರಿಕದ ರತ್ನಶಾಸ್ತ್ರ ಸಂಸ್ಥೆ ಜಿಐಎ ತನ್ನ ವರ್ಗೀಕರಣದಲ್ಲಿ ಹೊಳಪಿಗೆ ಕೊಡುವ, ಎಕ್ಸಲೆಂಟ್‌ನಿಂದ ಪೂರ್‌ವರೆಗಿನ ಮೆಟ್ಟಿಲುಗಳಲ್ಲಿ ಮುಖ್ಯವಾಗಿ ನೋಡುವುದು ಈ ಪ್ರತಿಬಿಂಬದ ತೀಕ್ಷ್ಣತೆಯನ್ನೇ.

ಹೊಳಪು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ತೀರ್ಮಾನ ಸುಲಭ. ಸಿಂಪಿ ತನ್ನೊಳಗಿನ ಬೀಜದ ಮೇಲೆ ಅರಗೊನೈಟ್ ಎಂಬ ಸುಣ್ಣದ ಅತಿತೆಳು ಬಿಲ್ಲೆಗಳನ್ನು ಈರುಳ್ಳಿಯ ಪದರಗಳಂತೆ ಒಂದರ ಮೇಲೊಂದು ಕಟ್ಟುತ್ತಾ ಹೋಗುತ್ತದೆ. ಇದೇ ನೇಕರ್. ಬಿಲ್ಲೆಗಳು ತೆಳ್ಳಗೆ, ಸಮನಾಗಿ ಕೂತಷ್ಟೂ ಬೆಳಕು ನೇರವಾಗಿ ಮರಳುತ್ತದೆ. ನೀರು ತಣ್ಣಗಿದ್ದಾಗ ಪದರ ನಿಧಾನವಾಗಿ, ಒತ್ತಾಗಿ ಕೂರುತ್ತದೆ. ಜಪಾನಿನವರು ಅಕೋಯಾವನ್ನು ಚಳಿಗಾಲದಲ್ಲಿ ಕೊಯ್ಯುವುದು ಅದಕ್ಕೇ. ಬೆಚ್ಚನೆಯ ಕಡಲಿನ ಸೌತ್ ಸೀ ಮುತ್ತಿಗೆ ಕನ್ನಡಿಯ ಹೊಳಪು ಅಪರೂಪ, ಒಳಗಿನಿಂದ ಬರುವ ಮೆತ್ತನೆಯ ಕಾಂತಿ ಅದರದು. ಅಕೋಯಾದ ಅಳತೆಗೋಲಿನಿಂದ ಸೌತ್ ಸೀಯನ್ನು ಅಳೆದರೆ ಅದಕ್ಕೆ ಅನ್ಯಾಯ.

ಒಂದೇ ಕಡೆ ನೋಡಿ ನಿಲ್ಲಿಸಬೇಡಿ, ಮುತ್ತನ್ನು ಸುತ್ತಲೂ ತಿರುಗಿಸಿ. ಒಂದು ಮಗ್ಗುಲು ಹೊಳೆದು ಇನ್ನೊಂದು ಮಗ್ಗುಲು ಮಂಕಾಗಿರುವ ಮುತ್ತು ಬಹಳ. ಓಲೆಗೆ ಅಂಟಿಸಿದ ಮೇಲೆ ಆ ಮಗ್ಗುಲು ಮರೆಯಾಗುತ್ತದೆ, ಸರದಲ್ಲಿ ಮರೆಯಾಗುವುದಿಲ್ಲ.

ಹಂತ 4: ಪದರದ ದಪ್ಪ

ಹೊಳಪು ಇಂದಿನ ಚೆಂದ, ಪದರದ ದಪ್ಪ ನಾಳೆಯ ಬಾಳಿಕೆ. ಮಣಿ ಹಾಕಿ ಬೆಳೆಸಿದ ಮುತ್ತಿಗೆ, ಅದರಲ್ಲೂ ಅಕೋಯಾಗೆ, ಇದು ಮುಖ್ಯ. ಅಕೋಯಾ ಪದರ 0.4 ಮಿ.ಮೀ. ಇದ್ದರೆ ಒಳ್ಳೆಯದು, 0.25ಕ್ಕಿಂತ ಕಡಿಮೆಯಾದರೆ ಕೆಲವೇ ವರ್ಷಗಳಲ್ಲಿ ತೂತಿನ ಬಳಿ ಚಕ್ಕೆ ಏಳುತ್ತದೆ. ತಾಹಿತಿಯಲ್ಲಿ ಸಾಮಾನ್ಯವಾಗಿ 0.8 ಮಿ.ಮೀ.ಗೆ ಮೇಲಿರುತ್ತದೆ, ಒಳ್ಳೆಯ ಸೌತ್ ಸೀಯಲ್ಲಿ ಎರಡು ಮಿ.ಮೀ. ಕೂಡ ಇರುವುದುಂಟು. ಮಣಿಯಿಲ್ಲದ ಸಿಹಿನೀರಿನ ಮುತ್ತಿಗೆ ಈ ಚಿಂತೆಯೇ ಇಲ್ಲ. ದಿನವೂ ಹಾಕಿಕೊಳ್ಳುವ ಸರಕ್ಕೆ ತೆಳುಪದರದ ಅಗ್ಗದ ಅಕೋಯಾಗಿಂತ ಒಳ್ಳೆಯ ಸಿಹಿನೀರಿನ ಮುತ್ತೇ ಮೇಲು ಎನ್ನಲು ಕಾರಣ ಇದು.

ತೆಳುಪದರ ಕಂಡುಹಿಡಿಯುವುದು ಹೀಗೆ. ಮೊಬೈಲ್ ಟಾರ್ಚನ್ನು ಮುತ್ತಿನ ಹಿಂದೆ ಒತ್ತಿ ಹಿಡಿದು ಮೆಲ್ಲಗೆ ಉರುಳಿಸಿ. ಒಳಗಿನ ಚಿಪ್ಪಿನ ಮಣಿಯ ಪಟ್ಟೆಪಟ್ಟೆ ಗೆರೆಗಳು ಮೇಲೆ ಕಂಡರೆ ಪದರ ತೆಳ್ಳಗಿದೆ. ಆಮೇಲೆ ಸರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ತಿರುಚುತ್ತಾ ನೋಡಿ: ಕೆಲವು ಮುತ್ತು ಮಿನುಗಿ ಆರಿ ಮತ್ತೆ ಮಿನುಗಿದರೆ ಅದೂ ತೆಳುಪದರದ ಗುರುತು. ಲೂಪಿನಲ್ಲಿ ತೂತಿನ ಅಂಚು ನೋಡಿದರೆ ದಪ್ಪವೇ ಕಣ್ಣಿಗೆ ಕಾಣುತ್ತದೆ. ಅಲ್ಲಿ ಈಗಾಗಲೇ ಚಕ್ಕೆ ಎದ್ದಿದ್ದರೆ ಸರ ಹಿಂದಕ್ಕೆ ಕೊಡಿ.

ಹಂತ 5: ಮೈ ಮತ್ತು ಆಕಾರ

ಪೂರ್ತಿ ನಿಷ್ಕಳಂಕ ಮುತ್ತು ಹುಡುಕಿ ಹೊರಟರೆ ಬಜೆಟ್ ಮುಗಿಯುತ್ತದೆ, ಮುತ್ತು ಸಿಗುವುದಿಲ್ಲ. ಸೂಜಿಮೊನೆಯಂಥ ಚುಕ್ಕೆ, ಸಣ್ಣ ಗುಳಿ, ಸುತ್ತುಗೆರೆ ಇವೆಲ್ಲ ಸಹಜ. ಎಲ್ಲಿದೆ, ಎಷ್ಟು ಆಳ ಎಂಬುದು ಪ್ರಶ್ನೆ. ತೂತಿನ ಬಳಿಯ ಚುಕ್ಕೆ ಕೊರಳಲ್ಲಿ ಕಾಣದು, ಬೆಲೆಯಲ್ಲಿ ಮಾತ್ರ ಲಾಭ ಕೊಡುತ್ತದೆ. ಎದುರಿಗೆ ಕಾಣುವ ಗುಳಿ ಬೇಡ. ಬಿರುಕು ಮಾತ್ರ ಎಲ್ಲಿದ್ದರೂ ಬೇಡ: ಅದು ಬೆಳೆಯುತ್ತದೆ, ಬೆವರು ಒಳಗಿಳಿದು ಪದರ ಬಿಡಿಸುತ್ತದೆ.

ಆಕಾರಕ್ಕೆ ಸಮತಟ್ಟಾದ ಗಾಜಿನ ಮೇಲೆ ಬಿಡಿಮುತ್ತನ್ನು ಉರುಳಿಸಿ. ಆಣಿಮುತ್ತು ನೇರ ಓಡುತ್ತದೆ, ಉಳಿದವು ಬಾಗುತ್ತವೆ. ಸರಕ್ಕೆ ದುಂಡು ದುಬಾರಿ. ಬೆಂಡೋಲೆ, ಉಂಗುರಕ್ಕಾದರೆ ಒಂದು ಮಗ್ಗುಲು ಚಪ್ಪಟೆಯಾದ ಗುಂಡಿ ಆಕಾರ ತೆಗೆದುಕೊಳ್ಳಿ. ಕಟ್ಟಿದ ಮೇಲೆ ದುಂಡಾಗಿಯೇ ಕಾಣುತ್ತದೆ, ಬೆಲೆ ಇಳಿಯುತ್ತದೆ, ಚಪ್ಪಟೆ ತಳ ಗಟ್ಟಿಯಾಗಿಯೂ ಕೂರುತ್ತದೆ.

ಹಂತ 6: ಗಾತ್ರ, ತೂಕ ಮತ್ತು ಚವ್ ಲೆಕ್ಕ

ಕಲ್ಚರ್ ಮುತ್ತು ಮಿ.ಮೀ. ಲೆಕ್ಕದಲ್ಲಿ ಬರುತ್ತದೆ, ‘7–7.5’ ಎಂಬಂತೆ ಅರ್ಧ ಮಿ.ಮೀ. ವ್ಯಾಪ್ತಿಯಲ್ಲಿ. ಕ್ಯಾಲಿಪರ್ ಹಿಡಿದು ನಾಲ್ಕೈದು ಮುತ್ತು ಅಳೆಯಿರಿ, ತೂತಿಗೆ ಅಡ್ಡಲಾಗಿ. ಒಂದು ಮಿ.ಮೀ. ವ್ಯತ್ಯಾಸ ಸಣ್ಣದೆಂದು ಕಾಣಬಹುದು, ತೂಕದಲ್ಲಿ ಸಣ್ಣದಲ್ಲ: 6 ಮಿ.ಮೀ. ಮುತ್ತು ಸುಮಾರು 1.5 ಕ್ಯಾರೆಟ್, 7ರದು 2.4, 8ರದು 3.6, 10ರದು 7. ಹಾಗಾಗಿ 7ರಿಂದ 8ಕ್ಕೆ ಹೋದರೆ ಸರಕೇ ಅರ್ಧದಷ್ಟು ಹೆಚ್ಚಾಯಿತು, ಬೆಲೆ ಅದಕ್ಕಿಂತಲೂ ಹೆಚ್ಚು ಏರುತ್ತದೆ. 7.9 ಇರುವುದನ್ನು 8–8.5ರ ದರಕ್ಕೆ ಕೊಳ್ಳಬೇಡಿ, 7.5–8ರ ದರಕ್ಕೆ 7.9 ಸಿಕ್ಕರೆ ಬಿಡಬೇಡಿ.

ಜಪಾನೀ ಕಲ್ಚರ್ ಮುತ್ತಿನ ಸಗಟು ವ್ಯಾಪಾರದಲ್ಲಿ ‘ಮೊಮ್ಮೆ’ ಎಂಬ ತೂಕ ಕೇಳಿಬರುತ್ತದೆ, ಅದು 3.75 ಗ್ರಾಂ. ಜನ್ಮರಾಶಿಗೆಂದು ಬೆಳ್ಳಿಯಲ್ಲಿ ಕಟ್ಟಿಸುವ ಮುತ್ತನ್ನು ರತ್ತಿಯಲ್ಲಿ ಮಾರುತ್ತಾರೆ. ರತ್ನದ ರತ್ತಿ ಸುಮಾರು 182 ಮಿ.ಗ್ರಾಂ., ಅಕ್ಕಸಾಲಿಗರ ರತ್ತಿ ಸುಮಾರು 121. ಯಾವ ರತ್ತಿ ಎಂಬ ವಾದಕ್ಕೆ ನಿಲ್ಲದೆ ಕ್ಯಾರೆಟ್ಟಿನಲ್ಲಿ ತೂಗಿಸಿ. ಒಂದು ಕ್ಯಾರೆಟ್ ಎಲ್ಲ ಕಡೆಯೂ 200 ಮಿ.ಗ್ರಾಂ.

ನೈಸರ್ಗಿಕ ಮುತ್ತಿನ ಲೆಕ್ಕವೇ ಬೇರೆ. ಮುಂಬಯಿಯ ಹಳೆಯ ಮೋತಿವಾಲಾಗಳು ಅದನ್ನು ‘ಚವ್’ನಲ್ಲಿ ಕಟ್ಟುತ್ತಾರೆ. ಚವ್ ಎಂದರೆ ತೂಕವಲ್ಲ, ತೂಕದ ವರ್ಗ. ಕ್ಯಾರೆಟ್ ತೂಕವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಸುಮಾರು 0.65ರಿಂದ ಗುಣಿಸಿದರೆ ಚವ್. 2 ಕ್ಯಾರೆಟ್ ಮುತ್ತಿಗೆ 2.6 ಚವ್, 4 ಕ್ಯಾರೆಟ್ಟಿಗೆ 10.4. ತೂಕ ಎರಡು ಪಟ್ಟಾದರೆ ಚವ್ ನಾಲ್ಕು ಪಟ್ಟು. ದೊಡ್ಡ ನೈಸರ್ಗಿಕ ಮುತ್ತು ಅಷ್ಟು ಅಪರೂಪ ಎಂಬುದು ಲೆಕ್ಕದೊಳಗೇ ಸೇರಿಕೊಂಡಿದೆ. ಪಾಶ್ಚಾತ್ಯರು ಗ್ರೇನ್ ತೂಕದ ವರ್ಗಕ್ಕೆ ಮೂಲದರ ಕಟ್ಟುವುದೂ ಇದೇ ತತ್ವದ ಮೇಲೆ. ನಾಲ್ಕು ಗ್ರೇನಿಗೆ ಒಂದು ಕ್ಯಾರೆಟ್. ಚವ್ ಒಂದಕ್ಕೆ ಎಷ್ಟು ರೂಪಾಯಿ ಎಂಬುದು ಹೊಳಪು, ಬಣ್ಣ, ಆಕಾರದ ಮೇಲೆ ನಿಲ್ಲುತ್ತದೆ.

ಹಲವು ಮುತ್ತುಗಳ ಗುಂಪಿಗೆ ಒಟ್ಟು ಕ್ಯಾರೆಟ್ಟಿನ ವರ್ಗವನ್ನು 0.65ರಿಂದ ಗುಣಿಸಿ ಮುತ್ತಿನ ಸಂಖ್ಯೆಯಿಂದ ಭಾಗಿಸುತ್ತಾರೆ. ಎಲ್ಲ ಮುತ್ತೂ ಒಂದೇ ಗಾತ್ರದವಾದರೆ ಇದು ಸರಿ. ಗಾತ್ರ ಹೆಚ್ಚುಕಡಿಮೆ ಇದ್ದಾಗ ಮಾತ್ರ ಮೋಸಹೋಗಬಹುದು. ಅಜ್ಜಿಯ ಸರದಿಂದ ಐದು ಮುತ್ತು ಮಾರಲು ಒಯ್ದಿದ್ದೀರಿ, ಒಂದು 6 ಕ್ಯಾರೆಟ್, ನಾಲ್ಕು ಒಂದೊಂದು ಕ್ಯಾರೆಟ್ ಎಂದಿಟ್ಟುಕೊಳ್ಳಿ. ಒಟ್ಟಿಗೆ ತೂಗಿದರೆ 10 ಕ್ಯಾರೆಟ್, ವರ್ಗ 100, 0.65ರಿಂದ ಗುಣಿಸಿ ಐದರಿಂದ ಭಾಗಿಸಿದರೆ 13 ಚವ್. ಬಿಡಿಬಿಡಿಯಾಗಿ ತೂಗಿದರೆ ದೊಡ್ಡದಕ್ಕೇ 23.4, ಸಣ್ಣ ನಾಲ್ಕಕ್ಕೆ ಸೇರಿ 2.6, ಒಟ್ಟು 26. ಅದೇ ಮುತ್ತು, ಅದೇ ದರ, ಬರುವ ಹಣ ಇಮ್ಮಡಿ. ದೊಡ್ಡ ಮುತ್ತಿಗೆ ಚವ್ ದರವೇ ಹೆಚ್ಚಾದ್ದರಿಂದ ನಿಜದ ಅಂತರ ಇನ್ನೂ ದೊಡ್ಡದು. ಮಾರುವವರು ಮುತ್ತನ್ನು ಗಾತ್ರದ ಪ್ರಕಾರ ವಿಂಗಡಿಸಿಯೇ ತೂಗಿಸಬೇಕು.

ಹಂತ 7: ಬಣ್ಣ, ಮತ್ತು ಬಣ್ಣ ಹಾಕಿದ್ದು

ಬಣ್ಣದಲ್ಲಿ ಮೂರು ನೋಡಬೇಕು: ಮೈಬಣ್ಣ, ಅದರ ಮೇಲೆ ತೇಲುವ ಗುಲಾಬಿ ಅಥವಾ ಹಸಿರು ಛಾಯೆ, ತಿರುಗಿಸಿದಾಗ ಸುಳಿಯುವ ಕಾಮನಬಿಲ್ಲು. ನಮ್ಮವರ ಗೋಧಿ ಮೈಬಣ್ಣಕ್ಕೆ ಅಪ್ಪಟ ಬಿಳಿಗಿಂತ ಕೆನೆಬಣ್ಣ ಹೆಚ್ಚು ಒಪ್ಪುತ್ತದೆ, ಹೆಚ್ಚಾಗಿ ಬೆಲೆಯೂ ಕಡಿಮೆ. ಸರವನ್ನು ಕೊರಳಿಗೆ ಹಿಡಿದೇ ಆರಿಸಿ, ಟ್ರೇಯಲ್ಲಿ ನೋಡಿ ಅಲ್ಲ.

ಬಿಳಿ ಅಕೋಯಾವನ್ನು ಬಿಳುಪು ಮಾಡಿ ತುಸು ಗುಲಾಬಿ ಛಾಯೆ ಕೊಡುವುದು ವಾಡಿಕೆ, ಅದರಿಂದ ಬೆಲೆ ಬೀಳುವುದಿಲ್ಲ. ಕಪ್ಪು, ಹೊನ್ನಿನ ಬಣ್ಣಗಳಲ್ಲಿ ಮಾತ್ರ ಸಹಜವೋ ಹಾಕಿದ್ದೋ ಎಂಬುದೇ ಬೆಲೆಯ ಬುಡ. ಹಾಕಿದ ಬಣ್ಣ ತೂತಿನ ಬಾಯಲ್ಲಿ, ಗುಳಿ ಬಿರುಕುಗಳಲ್ಲಿ ಗಾಢವಾಗಿ ಕೂತಿರುತ್ತದೆ, ಕೆಲವೊಮ್ಮೆ ದಾರಕ್ಕೂ ಹತ್ತಿರುತ್ತದೆ. 5–6 ಮಿ.ಮೀ.ನ ಒಂದೇ ಸಮ ಕಾಡಿಗೆಗಪ್ಪು ಮುತ್ತುಗಳ ಇಡೀ ಸರ ಕಂಡರೆ ತಾಹಿತಿ ಅಲ್ಲ ಎಂದೇ ಹಿಡಿಯಿರಿ. ತಾಹಿತಿ ಆ ಗಾತ್ರದಲ್ಲಿ ಬರುವುದು ಅಪರೂಪ, ಸಹಜ ತಾಹಿತಿ ಸರದಲ್ಲಿ ಹಸಿರು, ಬೂದು, ಬದನೆಬಣ್ಣದ ಏರಿಳಿತವೂ ಇರುತ್ತದೆ.

ಹಂತ 8: ಹೊಂದಿಕೆ ಮತ್ತು ಪೋಣಿಕೆ

ಸರವನ್ನು ಉದ್ದಕ್ಕೆ ಹಾಸಿ, ಕಣ್ಣು ಅರೆಮುಚ್ಚಿ ನೋಡಿ. ಬೇರೆ ಛಾಯೆಯ ಮುತ್ತು ಇದ್ದರೆ ತಾನೇ ಎದ್ದು ಕಾಣುತ್ತದೆ. ಆಮೇಲೆ ಕಾಲುಸುತ್ತು ತಿರುಗಿಸಿ ಇನ್ನೊಮ್ಮೆ ನೋಡಿ. ಎರಡು ತುದಿ ಹಿಡಿದು ತಿರುಗಿಸುವಾಗ ಯಾವುದಾದರೂ ಮುತ್ತು ಕುಂಟಿದರೆ ಅದರ ತೂತು ನಡುವಿನಲ್ಲಿಲ್ಲ.

ಎರಡು ಮುತ್ತಿನ ನಡುವೆ ಗಂಟು ಇರಲೇಬೇಕು. ಗಂಟಿಲ್ಲದೆ ನೈಲಾನಿನಲ್ಲಿ ಪೋಣಿಸಿದರೆ ಮುತ್ತಿಗೆ ಮುತ್ತು ಉಜ್ಜಿ ತೂತಿನ ಅಂಚು ಸವೆಯುತ್ತದೆ. ಹರಿದರೆ ಲೋಕಲ್ ರೈಲಿನಲ್ಲಿ ಎಲ್ಲವೂ ಒಟ್ಟಿಗೆ ಚೆಲ್ಲುತ್ತವೆ. ರೇಷ್ಮೆ ದಾರದಲ್ಲಿ ಗಂಟು ಹಾಕಿಸಿ ಪೋಣಿಸುವ ಕೂಲಿ ಮುತ್ತಿನ ಬೆಲೆಯ ಮುಂದೆ ಏನೂ ಅಲ್ಲ. ಓಲೆ, ಉಂಗುರದಲ್ಲಿ ಮುತ್ತು ಬರೀ ಅಂಟಿನ ಮೇಲೆ ಕೂತಿದೆಯೋ, ಅರ್ಧ ಕೊರೆದ ತೂತಿನೊಳಗೆ ಲೋಹದ ಮೊಳೆ ಇಳಿದಿದೆಯೋ ಕೇಳಿ. ಮುಂಬಯಿಯ ಸೆಕೆಯಲ್ಲಿ ಬರೀ ಅಂಟು ಬಾಳುವುದಿಲ್ಲ.

ಹಂತ 9: ಬೆಲೆ ಮತ್ತು ಬಿಲ್ಲು

ಈಗ ಬೆಲೆ ಕೇಳಿ. ಅದೇ ಜಾತಿ, ಅದೇ ಅರ್ಧ ಮಿ.ಮೀ. ವ್ಯಾಪ್ತಿ, ಅದೇ ಉದ್ದದ ಸರಕ್ಕೆ ಕನಿಷ್ಠ ಮೂರು ಅಂಗಡಿಯಲ್ಲಿ ಕೇಳಿ ಬರೆದುಕೊಳ್ಳಿ. ‘ಮುತ್ತಿನ ಸರ ಎಷ್ಟು’ ಎಂದು ಕೇಳಿದರೆ ಮೂರು ಬೇರೆ ಸರಕಿನ ಬೆಲೆ ಸಿಗುತ್ತದೆ, ಹೋಲಿಕೆಗೆ ಬರುವುದಿಲ್ಲ.

ಚಿನ್ನದಲ್ಲಿ ಕಟ್ಟಿದ ಒಡವೆಯಲ್ಲಿ ಒಂದು ಮುಖ್ಯ ಎಚ್ಚರ: ಚಿನ್ನದ ನಿವ್ವಳ ತೂಕ ಬೇರೆ, ಮುತ್ತಿನ ತೂಕ ಬೇರೆ ಬರೆಸಬೇಕು. 30 ಗ್ರಾಂ ಹಾರದಲ್ಲಿ 6 ಗ್ರಾಂ ಮುತ್ತಿದ್ದು, ಒಟ್ಟು ತೂಕಕ್ಕೆ ಚಿನ್ನದ ದರ ಹಾಕಿದರೆ ಆ 6 ಗ್ರಾಂ ಮುತ್ತನ್ನು ಚಿನ್ನದ ಬೆಲೆಗೆ ಕೊಂಡಂತೆ. ಮೇಲೆ ಮುತ್ತಿನ ಬೆಲೆಯನ್ನೂ ಹಾಕಿದರೆ ಎರಡು ಸಲ ಕೊಟ್ಟಂತೆ. ಮಜೂರಿಯನ್ನು ಶೇಕಡಾದಲ್ಲಿ ಹಾಕುವಾಗ ಅದು ಬರೀ ಚಿನ್ನದ ಬೆಲೆಯ ಮೇಲೆಯೋ ಒಟ್ಟು ಬೆಲೆಯ ಮೇಲೆಯೋ ಎಂದೂ ಕೇಳಿ. ಹಾಲ್‌ಮಾರ್ಕ್ ಮತ್ತು ಎಚ್‌ಯುಐಡಿ ಎಂಬ ಆರು ಅಕ್ಷರಾಂಕಗಳ ಗುರುತುಸಂಖ್ಯೆ ಚಿನ್ನದ ಶುದ್ಧತೆಗೆ ಮಾತ್ರ ಸಾಕ್ಷಿ. ಮುತ್ತಿನ ಬಗ್ಗೆ ಅವು ಒಂದು ಮಾತೂ ಹೇಳುವುದಿಲ್ಲ.

ಬಿಲ್ಲಿನಲ್ಲಿ ಇಷ್ಟು ಇರಲಿ: ಜಾತಿ, ಕಲ್ಚರ್ ಅಥವಾ ನೈಸರ್ಗಿಕ, ಬಣ್ಣ ಸಹಜವೋ ಹಾಕಿದ್ದೋ, ಗಾತ್ರ, ಮುತ್ತಿನ ಸಂಖ್ಯೆ, ತೂಕ, ಶೇಕಡಾ 3 ಜಿಎಸ್‌ಟಿ, ಹಿಂದಿರುಗಿಸುವ ಷರತ್ತು. ‘ಮೋತಿ ಮಾಲಾ ಒಂದು’ ಎಂದು ಬರೆದ ಬಿಲ್ಲಿಗೆ ಬೆಲೆಯಿಲ್ಲ. ಜಿಎಸ್‌ಟಿ ಉಳಿಸಲು ಕಚ್ಚಾ ಬಿಲ್ಲು ಒಪ್ಪಿಕೊಂಡರೆ ಮುಂದೆ ಬದಲಿಸಿಕೊಡಿ ಎಂದು ಕೇಳುವ ದಾರಿಯೇ ಮುಚ್ಚುತ್ತದೆ. ಎರಡು ಲಕ್ಷ ದಾಟಿದ ಖರೀದಿಗೆ ಪ್ಯಾನ್ ಬೇಕು, ಎರಡು ಲಕ್ಷ ಅಥವಾ ಮೇಲಿನದನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ.

ಮರುಮಾರಾಟದ ಆಸೆಯಿಂದ ಕಲ್ಚರ್ ಮುತ್ತು ಕೊಳ್ಳಬೇಡಿ. ಹಳೆ ಒಡವೆಯನ್ನು ಬದಲಿಗೆ ಕೊಡುವಾಗ ಹೆಚ್ಚಿನ ಅಂಗಡಿಯವರು ಮುತ್ತು ಬಿಡಿಸಿ ಕೈಗೆ ಕೊಟ್ಟು ಚಿನ್ನ ಮಾತ್ರ ತೂಗುತ್ತಾರೆ. ಹಾಕಿಕೊಂಡು ಸಂತೋಷಪಡಲು ಕೊಳ್ಳಿ, ಆ ಲೆಕ್ಕದಲ್ಲೇ ಬಜೆಟ್ ಇಡಿ.

ಲ್ಯಾಬಿಗೆ ಯಾವಾಗ ಹೋಗಬೇಕು

ನೈಸರ್ಗಿಕ ಎಂದು ಹೇಳಿ ಕೊಡುವ ಪ್ರತಿಯೊಂದಕ್ಕೂ, ದೊಡ್ಡ ಸೌತ್ ಸೀ, ತಾಹಿತಿ ಜೋಡಿಗೂ ಲ್ಯಾಬ್ ರಿಪೋರ್ಟ್ ಕೇಳಿ. ಸಾದಾ ಸಿಹಿನೀರಿನ ಸರಕ್ಕೆ ಬೇಡ, ಪರೀಕ್ಷೆಯ ಖರ್ಚೇ ಸರದ ಬೆಲೆಗೆ ಹತ್ತಿರ ಬಂದೀತು. ನೈಸರ್ಗಿಕವೋ ಕಲ್ಚರೋ ಎಂಬುದನ್ನು ಖಚಿತವಾಗಿ ಹೇಳುವುದು ಎಕ್ಸ್‌ರೇ: ಒಳಗಿನ ಮಣಿಯ ಗಡಿ, ಸಿಹಿನೀರಿನ ಮುತ್ತಿನ ನಡುವಿನ ಸಣ್ಣ ಟೊಳ್ಳು, ನೈಸರ್ಗಿಕ ಮುತ್ತಿನ ಉಂಗುರುಂಗುರ ಬೆಳವಣಿಗೆ ಅದರಲ್ಲಿ ಕಾಣುತ್ತವೆ. ಸಿಹಿನೀರಿನ ಮುತ್ತಿನಲ್ಲಿ ಮ್ಯಾಂಗನೀಸ್ ಹೆಚ್ಚಿರುವುದರಿಂದ ಎಕ್ಸ್‌ರೇ ಬಿದ್ದಾಗ ಅದು ಮಿನುಗುತ್ತದೆ, ಕಡಲಿನದು ಸಾಮಾನ್ಯವಾಗಿ ಮಿನುಗುವುದಿಲ್ಲ. ಜಿಐಎ ಪ್ರಯೋಗಾಲಯ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿದೆ. ಜೆಮಾಲಾಜಿಕಲ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಕೂಡ ಮುಂಬಯಿಯದೇ. ಮುತ್ತಿಗೆ ಎಕ್ಸ್‌ರೇ ಪರೀಕ್ಷೆ ಮಾಡುತ್ತೀರಾ, ಕಟ್ಟಿದ ಒಡವೆ ತೆಗೆದುಕೊಳ್ಳುತ್ತೀರಾ ಎಂದು ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿನ ಫೋಟೊ, ತೂಕ, ಅಳತೆ ನಿಮ್ಮ ಮುತ್ತಿನದೇ ಎಂದು ತಾಳೆ ನೋಡಿ. ಲ್ಯಾಬ್ ರಿಪೋರ್ಟ್ ಗುಣ ಹೇಳುತ್ತದೆ, ಬೆಲೆ ಹೇಳುವುದಿಲ್ಲ.

ಮನೆಯಲ್ಲಿರುವ ಹಳೆಯ ಮುತ್ತು

ಅಜ್ಜಿಯ ನತ್ತು, ಬುಗುಡಿ, ಮುತ್ತಿನ ಸರ 1930ಕ್ಕಿಂತ ಹಿಂದಿನದಾದರೆ ನೈಸರ್ಗಿಕ ಇರುವ ಸಾಧ್ಯತೆ ಸಾಕಷ್ಟಿದೆ. ಮುತ್ತುಗಳು ಸಣ್ಣವು, ಅಷ್ಟು ದುಂಡಲ್ಲ, ಕೆನೆಬಣ್ಣ, ತೂತು ಕೂದಲಷ್ಟು ಸಣ್ಣ ಎಂದಾದರೆ ಇನ್ನೂ ಹೆಚ್ಚು. ತೂಕವೇ ಹಣವಾಗಿದ್ದ ಕಾಲದಲ್ಲಿ ತೂತನ್ನೂ ಆದಷ್ಟು ಕಿರಿದಾಗಿ ಕೊರೆಯುತ್ತಿದ್ದರು. ಅಂಥದ್ದನ್ನು ಕರಗಿಸಲು ಕೊಡುವ ಮುನ್ನ, ‘ಪಾಲಿಶ್ ಮಾಡಿಕೊಡುತ್ತೇವೆ’ ಎನ್ನುವವರ ಕೈಗೆ ಹಾಕುವ ಮುನ್ನ ಎಕ್ಸ್‌ರೇ ಮಾಡಿಸಿ. ಹುಣಸೆಹುಳಿ, ನಿಂಬೆರಸ, ಸೋಪಿನಪುಡಿ, ಅಲ್ಟ್ರಾಸಾನಿಕ್ ಯಂತ್ರ ಯಾವುದೂ ಮುತ್ತಿಗೆ ತಾಗಬಾರದು. ಮುತ್ತು ಸುಣ್ಣ, ಹುಳಿ ಸುಣ್ಣವನ್ನು ತಿನ್ನುತ್ತದೆ. ಒದ್ದೆ ಹಿಂಡಿದ ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಬ್ಯಾಂಕ್ ಲಾಕರಿಗೆ ಹಾಕಿ ವರ್ಷಗಟ್ಟಲೆ ಮರೆತರೆ ಒಣಗಿ ಬಿರುಕು ಬಿಡುತ್ತದೆ. ವರ್ಷಕ್ಕೆ ನಾಲ್ಕಾರು ಸಲ ತೆಗೆದು ಹಾಕಿಕೊಳ್ಳಿ, ಸೆಂಟು ಪೌಡರು ಹಚ್ಚಿಕೊಂಡಾದ ಮೇಲೆ.